ಹದಿಮೂರನೆಯ ತಿಂಗಳಲ್ಲಿ ಹುಟ್ಟಿದವರು

ನಾನು ಬರೆದ ಪ್ರೋಗ್ರಾಂ ಅಂದು ಬೆಳಿಗ್ಗೆ ಹದಿಮೂರು ಕಾರ್ಡುಗಳನ್ನು ತಿರಸ್ಕರಿಸಿತ್ತು. ಎಲ್ಲದಕ್ಕೂ ಒಂದೇ ಕಾರಣ: ಹುಟ್ಟಿದ ತಿಂಗಳು ಸರಿಯಿಲ್ಲ. ಒಬ್ಬರು ಇಪ್ಪತ್ಮೂರನೆಯ ತಿಂಗಳಲ್ಲಿ ಹುಟ್ಟಿದ್ದರು, ಇನ್ನೊಬ್ಬರು ಹದಿನೇಳನೆಯದರಲ್ಲಿ, ಒಬ್ಬರು ಹದಿಮೂರನೆಯದರಲ್ಲಿ. ಟೈಪ್ ಮಾಡಿದವರ ಕೈತಪ್ಪು ಇರಬೇಕೆಂದು ಮೂಲ ಕಾರ್ಡುಗಳ ಕಟ್ಟು ಬಿಚ್ಚಿದೆ. ಮೊದಲ ಹೆಸರು ಓದಿದ ಮೇಲೆ ಉಳಿದ ಹನ್ನೆರಡನ್ನು ಹೆದರುತ್ತಲೇ ಓದಿದೆ. ಎಲ್ಲ ನಮ್ಮವರು. ಉತ್ತರ ಕೆರೊಲಿನಾದ ಕ್ಯಾರಿ ಊರಿನ ಕನ್ನಡ ಕುಟುಂಬಗಳವರು. ತಾರೀಖುಗಳನ್ನು ನಾವು ಊರಿನಲ್ಲಿ ಕಲಿತ ಹಾಗೆ ಬರೆಯಲಾಗಿತ್ತು, ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದಲ್ಲಿ ತಿಂಗಳೇ ಮೊದಲು.

ಅವು ಮತದಾರರ ನೋಂದಣಿ ಕಾರ್ಡುಗಳು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗಿನ ಒಂದು ಚುನಾವಣೆಯ ಹಿಂದಿನ ತಿಂಗಳುಗಳಲ್ಲಿ ಒಬ್ಬ ರಾಕ್ ಗಾಯಕ ವಾಷಿಂಗ್ಟನ್‌ನಿಂದ ಕೆರೊಲಿನಾಗಳ ಮೂಲಕ ಅಟ್ಲಾಂಟಾದವರೆಗೆ ಊರೂರಿಗೆ ಹಾಡುತ್ತ ಹೊರಟಿದ್ದ. ಹೆಸರು ಬೇಡ. ಸ್ವಂತ ವಿಮಾನ, ಕುದುರೆ ಲಾಯ ಇದ್ದ ಮನುಷ್ಯ. ಹಾಡುಗಳ ನಡುವೆ ಮುಚ್ಚಿದ ಬಟ್ಟೆ ಗಿರಣಿಗಳ ಬಗ್ಗೆ, ಕಾರ್ಮಿಕ ಸಂಘಗಳ ಬಗ್ಗೆ ಮಾತಾಡುತ್ತಿದ್ದ. ನನ್ನಂಥವರಿಂದ ಇನ್ನೂ ಹೆಚ್ಚು ತೆರಿಗೆ ವಸೂಲಿ ಮಾಡಿ ಎನ್ನುತ್ತಿದ್ದ. ಪತ್ರಿಕೆಗಳು ಅವನನ್ನು ಅರಮನೆಯ ಕ್ರಾಂತಿಕಾರಿ ಎಂದು ಹಂಗಿಸುತ್ತಿದ್ದವು. ಅವನ ಪ್ರತಿ ಸಂಗೀತ ಕಛೇರಿಯ ಮೈದಾನದಲ್ಲಿ ಮೇಜು ಹಾಕಿ ಜನರನ್ನು ಮತದಾರರ ಪಟ್ಟಿಗೆ ಸೇರಿಸುತ್ತಿದ್ದರು. ಆ ಕಾರ್ಡುಗಳನ್ನು ಪರಿಶೀಲಿಸಿ, ಕೌಂಟಿವಾರು, ಎಂದರೆ ಜಿಲ್ಲಾವಾರು ವಿಂಗಡಿಸಿ, ಗಡುವಿನೊಳಗೆ ಆಯಾ ಚುನಾವಣಾ ಕಚೇರಿಗೆ ಮುಟ್ಟಿಸುವ ಗುತ್ತಿಗೆ ಕ್ಯಾರಿಯ ಪಕ್ಕದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ನಮ್ಮ ಸಣ್ಣ ಕಂಪನಿಯದ್ದು. ಅದರ ಜವಾಬ್ದಾರಿ ನನ್ನದು. ನನಗಾದರೋ ಇದ್ದದ್ದು ಕೆಲಸದ ವೀಸಾ. ಊರಿಗೆಲ್ಲ ವೋಟು ಕೊಡಿಸುವ ಕೆಲಸ ಮಾಡುತ್ತಿದ್ದ ನನಗೆ ವೋಟಿರಲಿಲ್ಲ.

ಕಾರ್ಡಿನ ಕೊನೆಗೆ, ಸಹಿಯ ಮೇಲೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ವಾಕ್ಯವಿತ್ತು. ನಾನು ಅಮೆರಿಕದ ಪ್ರಜೆ ಎಂದು ಪ್ರಮಾಣ ಮಾಡುತ್ತೇನೆ. ಪ್ರಜೆಯಲ್ಲದವರು ಅದರ ಕೆಳಗೆ ಸಹಿ ಹಾಕಿದರೆ ಸುಳ್ಳು ಪ್ರಮಾಣ. ಆಗಷ್ಟೇ ಬಿಗಿಯಾಗಿದ್ದ ಕಾನೂನಿನಲ್ಲಿ ಅದಕ್ಕೆ ದೇಶದಿಂದಲೇ ಹೊರಹಾಕಬಹುದಿತ್ತು.

ಹದಿಮೂರು ಕಾರ್ಡುಗಳ ಸಹಿ ಬೇರೆ ಬೇರೆ, ಬರವಣಿಗೆ ಒಂದೇ. ಆ ದುಂಡು ಅಕ್ಷರ ನನಗೆ ಗೊತ್ತಿತ್ತು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳದ್ದು. ಯುಗಾದಿ ಆಹ್ವಾನಪತ್ರದ ಮೇಲೆ ವಿಳಾಸ ಬರೆಯುತ್ತಿದ್ದವರು ಅವರೇ. ಫೋನ್ ಮಾಡಿದೆ.

"ಏನಪ್ಪಾ, ಟೀ ಶರ್ಟ್ ಬಂತಾ? ನಮ್ಮೋರದ್ದು ಎಂಟು ಬಾಕಿ ಇದೆ," ಎಂದರು.

"ಸರ್, ಕಾರ್ಡೆಲ್ಲ ನೀವೇ ತುಂಬಿದ್ರಾ?"

"ಮತ್ತಿನ್ಯಾರು ತುಂಬ್ತಾರೆ? ನಮ್ಮ ಪಿಕ್ನಿಕ್ ನಡೀತಿತ್ತು, ಪಕ್ಕದ ಮೈದಾನದಲ್ಲಿ ಅವನ ಹಾಡು. ನೋಂದಣಿ ಮೇಜಿನ ಹುಡುಗೀರು ಬಂದ್ರು, ಕಾರ್ಡಿಗೆ ಸೈನ್ ಮಾಡಿದ್ರೆ ಮುಂದಿನ ಹುಲ್ಲಲ್ಲಿ ಜಾಗ, ಮೇಲೊಂದು ಟೀ ಶರ್ಟ್ ಅಂದ್ರು. ಒಬ್ಬೊಬ್ಬರೂ ಬರೆಯೋಕೆ ಕೂತಿದ್ರೆ ಬಿಸಿಬೇಳೆಬಾತ್ ತಣ್ಣಗಾಗ್ತಿತ್ತು. ಡೈರೆಕ್ಟರಿ ಇತ್ತಲ್ಲ, ನೋಡ್ಕೊಂಡು ತುಂಬ್ದೆ. ಹುಟ್ಟಿದ ವರ್ಷ ಮಾತ್ರ ಕೂಗಿ ಕೇಳ್ದೆ. ಇಬ್ಬರು ಹೆಂಗಸರು ಸುಳ್ಳು ಹೇಳಿದ್ರು, ನನಗ್ಗೊತ್ತು."

ಸಂಘದ ವಾರ್ತಾಪತ್ರದಲ್ಲಿ ಹುಟ್ಟುಹಬ್ಬದ ಶುಭಾಶಯ ಹಾಕಲೆಂದು ಎಲ್ಲರ ದಿನಾಂಕವನ್ನೂ ಅವರು ಡೈರೆಕ್ಟರಿಯಲ್ಲಿ ಇಟ್ಟಿದ್ದರು.

"ಸರ್, ಅವರಲ್ಲಿ ಸಿಟಿಜನ್ ಎಷ್ಟು ಜನ?"

"ನಾಲ್ಕು ಜನ ಇರಬಹುದು. ಮಿಕ್ಕೋರೆಲ್ಲ ಗ್ರೀನ್ ಕಾರ್ಡು, ಎಚ್-ಒನ್ ವೀಸಾ. ಯಾಕೆ?"

ಸಣ್ಣ ಅಕ್ಷರದ ವಾಕ್ಯವನ್ನು ಓದಿ ಹೇಳಿದೆ. ಆ ಕಡೆ ಟಿವಿಯ ಸದ್ದು ನಿಂತಿತು. "ನಾನು ಓದ್ಲಿಲ್ಲ ಕಣಯ್ಯಾ," ಎಂದರು.

ನಾನು ಅವರಿಗೆ ಬೈಯಬಹುದಿತ್ತು. ಬೈಯಲಿಲ್ಲ. ಏಳನೆಯ ಕ್ಲಾಸಿನಿಂದ ನಾನೂ ಅದೇ ಕೆಲಸ ಮಾಡಿದವನು. ಅಪ್ಪ ರೈಲ್ವೆ ಖಲಾಸಿ, ಅಮ್ಮ ಅಗರಬತ್ತಿ ಹೊಸೆಯುತ್ತಿದ್ದಳು; ಮೈಸೂರಿನ ನಮ್ಮ ಬೀದಿಯಲ್ಲಿ ಇಂಗ್ಲಿಷಿನ ನಾಲ್ಕಕ್ಷರ ಬರುತ್ತಿದ್ದವನು ನಾನೊಬ್ಬನೇ. ರೇಷನ್ ಕಾರ್ಡು, ಮನಿ ಆರ್ಡರು, ಪಿಂಚಣಿ ಅರ್ಜಿ, ಎಲ್ಲರದ್ದನ್ನೂ ನಾನೇ ತುಂಬಿ ಇಲ್ಲಿ ಸಹಿ ಹಾಕಿ ಎಂದು ಬೆರಳು ತೋರಿಸುತ್ತಿದ್ದೆ. ಓದಿ ಹೇಳು ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಓದಿದವನು ತುಂಬುವುದು, ಉಳಿದವರು ನಂಬಿ ಸಹಿ ಹಾಕುವುದು, ಹೀಗೇ ನಾವು ಬೆಳೆದದ್ದು. ಕಾರ್ಯದರ್ಶಿಗಳು ಮೈದಾನದಲ್ಲಿ ಮಾಡಿದ್ದೂ ಅಷ್ಟೇ.

"ಒಟ್ಟು ಎಷ್ಟು ಕಾರ್ಡು ಸರ್?"

"ಇಪ್ಪತ್ತೆರಡು."

"ನನ್ನ ಕೈಲಿರೋದು ಹದಿಮೂರೇ."

ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಪ್ರೋಗ್ರಾಂ ಹಿಡಿದದ್ದು ಹನ್ನೆರಡನೆಯ ತಾರೀಖಿನ ನಂತರ ಹುಟ್ಟಿದವರನ್ನು ಮಾತ್ರ. ಒಂದರಿಂದ ಹನ್ನೆರಡರೊಳಗೆ ಹುಟ್ಟಿದವರ ದಿನವೂ ತಿಂಗಳಾಗಿ ನಡೆದುಹೋಗುತ್ತದೆ. ಉಳಿದ ಒಂಬತ್ತು ಜನ ತಪ್ಪು ಹುಟ್ಟುಹಬ್ಬ ಹೊತ್ತುಕೊಂಡು ಸರಿಯಾದವರ ಪೆಟ್ಟಿಗೆಗೆ ಸೇರಿದ್ದರು.

ಪೆಟ್ಟಿಗೆಗಳು ಹಿಂದಿನ ಕೋಣೆಯಲ್ಲಿದ್ದವು. ಮಾರನೆಯ ವಾರ ಹೊರಡಬೇಕಿತ್ತು. ಮಧ್ಯಾಹ್ನದವರೆಗೆ ಒಂದೊಂದೇ ಕಾರ್ಡು ತಿರುವಿ ಎಂಟನ್ನು ಹುಡುಕಿದೆ. ಒಂಬತ್ತನೆಯದು ಸಿಗಲಿಲ್ಲ. ಕಾರ್ಯದರ್ಶಿಗಳ ಡೈರೆಕ್ಟರಿಯೊಂದಿಗೆ ಹೆಸರು ಹೋಲಿಸಿದಾಗ ಅದು ಯಾರದ್ದೆಂದು ತಿಳಿಯಿತು. ಮೊದಲು ಕ್ಯಾರಿಯಲ್ಲಿದ್ದು, ಗಂಡ ತೀರಿಕೊಂಡ ಮೇಲೆ ಫೋರ್ಟ್ ಮಿಲ್‌ಗೆ ಹೋಗಿದ್ದ ಆಂಟಿ. ಅಲ್ಲಿನ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಪಿಕ್ನಿಕ್ಕಿಗೆಂದು ಮಗಳ ಜೊತೆ ಬಂದಿದ್ದರು. ಫೋರ್ಟ್ ಮಿಲ್ ಇರುವುದು ದಕ್ಷಿಣ ಕೆರೊಲಿನಾದಲ್ಲಿ. ಆ ರಾಜ್ಯದ ಗಡುವು ಮೊದಲು ಬರುತ್ತಿತ್ತು. ಅವರ ಕಾರ್ಡಿದ್ದ ಪೆಟ್ಟಿಗೆಯನ್ನು ನಾಲ್ಕು ದಿನದ ಹಿಂದೆ ನಾನೇ ಸಹಿ ಹಾಕಿ ಕಳಿಸಿದ್ದೆ.

ಇನ್ನೊಂದು ವಿಷಯವನ್ನು ಕಾರ್ಯದರ್ಶಿಗಳೇ ಹೇಳಿದರು. ಆಂಟಿ ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಸಂದರ್ಶನಕ್ಕೆ ಮೂರು ವಾರ ಉಳಿದಿತ್ತು. ಅಲ್ಲಿ ಪ್ರಮಾಣ ಮಾಡಿಸಿ ಕೇಳುವ ಪ್ರಶ್ನೆಗಳಲ್ಲಿ ಒಂದು: ಅಮೆರಿಕದ ಪ್ರಜೆ ಎಂದು ಎಂದಾದರೂ ಹೇಳಿಕೊಂಡಿದ್ದೀರಾ?

ಗಾಯಕನ ನೋಂದಣಿ ಅಭಿಯಾನದ ವಕೀಲರು ವಾಷಿಂಗ್ಟನ್‌ನಲ್ಲಿದ್ದರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು ಎರಡೇ ಮಾತು ಹೇಳಿದರು. ಒಂದು ಕಾರ್ಡನ್ನೂ ಹರಿಯಬೇಡಿ, ಬಚ್ಚಿಡಬೇಡಿ, ಅದೂ ಅಪರಾಧ. ನಾಳೆ ಇಲ್ಲಿಗೆ ಬನ್ನಿ, ಅವರೂ ಇರುತ್ತಾರೆ.

ಅವರು ಎಂದರೆ ಗಾಯಕ. ವಾಷಿಂಗ್ಟನ್ನಿನ ಹೋಟೆಲ್ ಕೋಣೆಯಲ್ಲಿ, ಹಳೇ ಕ್ಯಾನ್ವಾಸ್ ಬೂಟು ಹಾಕಿಕೊಂಡು, ತಾನೇ ಚಹಾ ಮಾಡುತ್ತಿದ್ದ. ವೇದಿಕೆಯ ಮೇಲೆ ಗುಡುಗುವ ದನಿ ಹತ್ತಿರದಲ್ಲಿ ಬಹಳ ಮೆತ್ತಗಿತ್ತು. ನಾನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದ. ಹದಿಮೂರನೆಯ ತಿಂಗಳ ವಿಷಯಕ್ಕೆ ನಗಲಿಲ್ಲ. ಅದು ನನಗೆ ಹಿಡಿಸಿತು.

ಆಮೇಲೆ ಎದ್ದು ಓಡಾಡತೊಡಗಿದ. "ಇವರು ಕೆಲಸ ಮಾಡ್ತಾರೆ, ತೆರಿಗೆ ಕಟ್ತಾರೆ, ಮಕ್ಕಳನ್ನು ಇಲ್ಲೇ ಓದಿಸ್ತಾರೆ. ಒಂದು ಕಾಗದಕ್ಕೆ ಸಹಿ ಹಾಕಿದ್ದಕ್ಕೆ ಓಡಿಸ್ತಾರಾ? ಅಟ್ಲಾಂಟಾದಲ್ಲಿ ಇದೇ ಶನಿವಾರ ಕೊನೆಯ ಕಛೇರಿ. ಟಿವಿಯವರೆಲ್ಲ ಬರ್ತಾರೆ. ಅವರು ನನ್ನ ಜೊತೆ ವೇದಿಕೆ ಮೇಲೆ ನಿಲ್ಲಲಿ. ತಪ್ಪು ನನ್ನದು ಅಂತ ನಾನೇ ಹೇಳ್ತೀನಿ. ಆ ಹೆಂಗಸಿಗೆ ಈ ದೇಶದ ಅತ್ಯುತ್ತಮ ವಕೀಲರನ್ನ ಕೊಡಿಸ್ತೀನಿ."

ಅವನ ಕಣ್ಣು ಹೊಳೆಯುತ್ತಿತ್ತು. ನಾಟಕವಲ್ಲ, ಖಂಡಿತ ಅಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ವಕೀಲೆ ಕಿಟಕಿಯ ಕಡೆ ನೋಡುತ್ತಿದ್ದರು. ಅವನಿಂದ ಸಂಬಳ ಪಡೆಯುವವರು ಅವರು, ಒಂದು ರೀತಿಯಲ್ಲಿ ನಾನೂ. ಈ ಗುತ್ತಿಗೆ ಹೋದರೆ ನನ್ನ ವೀಸಾದ ಗತಿಯೇನು ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು. ಆದರೂ ಹೇಳಿದೆ.

"ಬೇಡ ಸರ್."

"ಯಾಕೆ?"

"ನಮ್ಮಪ್ಪ ರೈಲ್ವೆ ಖಲಾಸಿ. ಸಂಘದ ಮೆಂಬರ್. ಒಂದು ಮುಷ್ಕರದಲ್ಲಿ ಹನ್ನೊಂದು ತಿಂಗಳು ಕೆಲಸ ಕಳ್ಕೊಂಡಿದ್ರು. ಮುಷ್ಕರ ಸರಿಯಾಗೇ ಇತ್ತು, ಅದನ್ನ ಅವರು ಕೊನೇವರೆಗೂ ಹೇಳ್ತಿದ್ರು. ಆದರೆ ಭಾಷಣ ಮಾಡಿದ ನಾಯಕರ ಮನೇಲಿ ಒಂದು ದಿನವೂ ಒಲೆ ಆರಲಿಲ್ಲ. ನಮ್ಮ ಮನೇದು ಆರ್ತು. ನಮ್ಮಪ್ಪನಿಗಾದರೆ ಮುಷ್ಕರಕ್ಕೆ ಹೋಗೋ ಮೊದಲು ಗೊತ್ತಿತ್ತು, ಏನಾಗಬಹುದು ಅಂತ. ಈ ಆಂಟಿಗೆ ಏನು ಗೊತ್ತಿತ್ತು? ಅವರು ಹಾಡು ಕೇಳೋಕೆ ಬಂದಿದ್ರು."

ಅವನು ಕುಳಿತ. "ಹಾಗಾದರೆ ನನ್ನಿಂದ ನಿಮಗೇನು ಬೇಕು?"

"ನೀವು ಈ ವಿಷಯ ಎಲ್ಲೂ ಎತ್ತಬಾರದು. ವೇದಿಕೆ ಮೇಲೆ, ಪೇಪರಿನವರ ಹತ್ರ, ಸ್ನೇಹಿತರ ಹತ್ರ. ನಿಮ್ಮ ಹೆಸರು ಸೇರಿದ ಕೂಡಲೇ ಇದು ಆಂಟಿಯ ತಪ್ಪು ತಾರೀಖಾಗಿ ಉಳಿಯೋದಿಲ್ಲ, ರಾಜಕೀಯ ಆಗುತ್ತೆ."

ಅವನು ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದ. "ಜನ ನನ್ನ ಹತ್ರ ದುಡ್ಡು ಕೇಳಿದ್ದಾರೆ, ಹಾಡು ಕೇಳಿದ್ದಾರೆ," ಎಂದ. "ಬಾಯಿ ಮುಚ್ಕೊಂಡಿರು ಅಂತ ಕೇಳೋರು ನನ್ನ ಶತ್ರುಗಳು ಮಾತ್ರ."

"ನಾನು ಶತ್ರು ಅಲ್ಲ ಸರ್."

"ಗೊತ್ತು. ಅದಕ್ಕೇ ಕಷ್ಟ ಆಗ್ತಿದೆ," ಎಂದು ಕೈ ಚಾಚಿದ. ಆ ಕೈ ಮೇಲೆ ನನಗೆ ಪೂರ್ತಿ ನಂಬಿಕೆ ಬರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ವಕೀಲೆ ದಾರಿ ತೋರಿಸಿದರು. ನಮ್ಮ ಕೈಯಲ್ಲಿ ಇರುವವರೆಗೆ ಕಾರ್ಡು ಸಹಿ ಹಾಕಿದವರದ್ದು. ನಾನು ಪ್ರಜೆಯಲ್ಲ, ತಿಳಿಯದೆ ಸಹಿ ಹಾಕಿದೆ, ನನ್ನ ಕಾರ್ಡು ವಾಪಸ್ ಕೊಡಿ ಎಂದು ಪ್ರತಿಯೊಬ್ಬರೂ ಸ್ವಂತ ಕೈಯಲ್ಲಿ ಬರೆದುಕೊಟ್ಟರೆ ಕೊಡಬಹುದು. ಪತ್ರವನ್ನೂ ಕಾರ್ಡಿನ ನಕಲನ್ನೂ ಫೈಲಿನಲ್ಲಿ ಇಡಬೇಕು. ಪ್ರಜೆಗಳಾಗಿದ್ದ ನಾಲ್ವರು ತಾರೀಖು ತಿದ್ದಿ ಸಹಿ ಹಾಕಿದರೆ ಸಾಕು. ಕಾರ್ಡು ಈಗಾಗಲೇ ಕಚೇರಿ ಸೇರಿದ ಹೆಂಗಸು ಮಾತ್ರ ಖುದ್ದಾಗಿ ಹೋಗಿ ರದ್ದು ಮಾಡಿಸಬೇಕು. "ಯಾರೂ ಕೇಳುವ ಮೊದಲೇ ತಾನಾಗಿ ಹೇಳಿಕೊಂಡರೆ ಅದಕ್ಕೆ ಬೆಲೆ ಇದೆ. ಖಾತರಿ ಕೊಡಲಾರೆ," ಎಂದರು.

ಮರುದಿನ ಸಂಜೆ ಕ್ಯಾರಿಯಲ್ಲಿ ಕಾರ್ಯದರ್ಶಿಗಳ ಗರಾಜಿನಲ್ಲಿ ಎಲ್ಲರನ್ನೂ ಸೇರಿಸಿದೆವು. ನನ್ನದು ಒಂದೇ ಷರತ್ತು. ಒಬ್ಬರ ಪತ್ರವನ್ನು ಇನ್ನೊಬ್ಬರು ಬರೆಯುವಂತಿಲ್ಲ. ಕಾರ್ಡಿನ ಸಣ್ಣ ಅಕ್ಷರವನ್ನು ಪ್ರತಿಯೊಬ್ಬರೂ ಜೋರಾಗಿ ಓದಿದ ಮೇಲೇ ಪೆನ್ನು ಹಿಡಿಯಬೇಕು.

"ಎಂ.ಟೆಕ್ ಮಾಡಿರೋನ ಕೈಲಿ ಇಂಪೊಸಿಷನ್ ಬರೆಸ್ತಿದೀಯಲ್ಲಯ್ಯಾ," ಎಂದು ಒಬ್ಬರು ರೇಗಿಸಿದರು.

"ಎಂ.ಟೆಕ್ ಮಾಡಿ ಓದದೆ ಸೈನ್ ಹಾಕಿದ್ರಲ್ಲ ಸರ್," ಎಂದೆ. ನಗಬೇಕಾದವರು ನಗಲಿಲ್ಲ.

ಒಬ್ಬ ಹೆಂಗಸು ಬರೆಯುತ್ತ ಅಳುತ್ತಿದ್ದರು. ಅವರ ಗಂಡ, "ಕಾಪಿ ಯಾಕೆ ಇಟ್ಕೊತೀರಿ? ಸುಟ್ಟುಬಿಡಿ," ಎಂದು ಗದರಿದರು. ಆಗುವುದಿಲ್ಲ ಎಂದು ನಾನು ಮೂರು ಸಲ ಹೇಳಬೇಕಾಯಿತು. ಎಲ್ಲರೂ ಹೋದ ಮೇಲೆ ಕಾರ್ಯದರ್ಶಿಗಳು ಕುರ್ಚಿ ಮಡಚುತ್ತಿದ್ದರು. "ನಾಳೆ ಫೋರ್ಟ್ ಮಿಲ್‌ಗೆ ನಾನೂ ಬರ್ತೀನಿ. ಬರೆದೋನು ನಾನು," ಎಂದರು.

"ಬೇಡಿ ಸರ್. ನೀವು ಬಂದ್ರೆ ಆಂಟಿ ನಿಮಗೆ ಸಮಾಧಾನ ಹೇಳ್ತಾ ಕೂತ್ಕೋತಾರೆ."

ಮರುದಿನ ಒಬ್ಬನೇ ಹೋದೆ. ಮೂರು ಗಂಟೆಯ ದಾರಿ. ಮೊದಲೇ ಫೋನ್ ಮಾಡಿದ್ದೆ, ಆಂಟಿ ರಜೆ ಹಾಕಿ ಕಾಯುತ್ತಿದ್ದರು. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಗಳೂ ಶಾಲೆಗೆ ಹೋಗಿರಲಿಲ್ಲ. ಅವಳು ಹುಟ್ಟಿದ್ದು ಇಲ್ಲೇ, ಹುಟ್ಟಿನಿಂದಲೇ ಪ್ರಜೆ. ಅವಳನ್ನು ಯಾರೂ ಎಲ್ಲಿಗೂ ಕಳಿಸುವಂತಿರಲಿಲ್ಲ.

"ಊಟ ಮಾಡು ಮೊದಲು," ಎಂದರು ಆಂಟಿ. ತಿನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ, ಆದರೂ ಬಡಿಸಿದರು. "ಆ ಹಾಡೋನು ಒಳ್ಳೆಯವನು ಕಣಪ್ಪಾ. ಅಡುಗೆಮನೆಯಲ್ಲಿ ಕೆಲಸ ಮಾಡೋರ ಬಗ್ಗೆ ಒಂದು ಹಾಡು ಹೇಳ್ದ. ಅದನ್ನ ಕೇಳೇ ನಾನು ಸೈನ್ ಹಾಕಿದ್ದು. ಟೀ ಶರ್ಟಿಗಲ್ಲ."

ಅದನ್ನು ನಾನು ಗಾಯಕನಿಗೆ ಎಂದೂ ಹೇಳಲಿಲ್ಲ.

ಮಗಳು ಕಾರಿನಲ್ಲಿ ಹಿಂದೆ ಕುಳಿತಿದ್ದಳು. "ಅಂಕಲ್, ಅಮ್ಮಂಗೆ ಏನಾದ್ರೂ ಆದ್ರೆ ನಾನು ಎಲ್ಲಿ ಹೋಗೋದು?" ಎಂದಳು. ಆಂಟಿಯೇ ಉತ್ತರಿಸಿದರು. "ಸೀಟ್ ಬೆಲ್ಟ್ ಹಾಕ್ಕೋ."

ಕೌಂಟಿಯ ಚುನಾವಣಾ ಕಚೇರಿ ಚಿಕ್ಕದು. ಒಂದು ಕೌಂಟರು, ಒಂದು ಕಂಪ್ಯೂಟರು, ಕುತ್ತಿಗೆಗೆ ಕನ್ನಡಕ ಕಟ್ಟಿಕೊಂಡಿದ್ದ ವಯಸ್ಸಾದ ಗುಮಾಸ್ತೆ. ನೋಂದಣಿ ರದ್ದು ಮಾಡಬೇಕು ಎಂದು ಆಂಟಿ ಇಂಗ್ಲಿಷಿನಲ್ಲಿ ಹೇಳಿದರು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ವಾಕ್ಯ.

"ಹೆಸರು? ಹುಟ್ಟಿದ ದಿನ?"

"ಮೇ ಎಂಟು."

ಗುಮಾಸ್ತೆ ಟೈಪ್ ಮಾಡಿದರು. ಕನ್ನಡಕ ಏರಿಸಿಕೊಂಡು ಪರದೆ ನೋಡಿದರು. "ಆ ದಿನಾಂಕಕ್ಕೆ ಯಾರೂ ಇಲ್ಲವಲ್ಲ. ಇದೇ ಹೆಸರಿನವರು ಒಬ್ಬರಿದ್ದಾರೆ, ಆದರೆ ಅವರು ಆಗಸ್ಟ್ ಐದರಂದು ಹುಟ್ಟಿದವರು." ತಲೆಯೆತ್ತಿ ನಕ್ಕರು. "ಅವರು ನೀವಲ್ಲ, ಅಲ್ಲವೇ? ನಿಮ್ಮ ಕಾರ್ಡು ಬಂದೇ ಇಲ್ಲ ಅಂತ ಕಾಣುತ್ತದೆ. ರದ್ದು ಮಾಡೋಕೆ ಏನೂ ಇಲ್ಲ."

ಹದಿಮೂರು ಜನರನ್ನು ಹಿಡಿದುಕೊಟ್ಟಿದ್ದ ಅದೇ ತಪ್ಪು ಇವರಿಗೆ ಬಚ್ಚಿಟ್ಟುಕೊಳ್ಳಲು ಜಾಗ ಮಾಡಿಕೊಟ್ಟಿತ್ತು. ಅಲ್ಲ ಎಂದು ಒಂದು ಮಾತು ಹೇಳಿದರೆ ಹೊರಟು ಬರಬಹುದಿತ್ತು. ಮೂರು ವಾರದ ನಂತರ ಸಂದರ್ಶನದಲ್ಲಿ ಇಲ್ಲ ಎಂದು ಇನ್ನೊಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆಗಸ್ಟಿನಲ್ಲಿ ಹುಟ್ಟಿದ ಹೆಂಗಸೊಬ್ಬಳು ಆ ಕಂಪ್ಯೂಟರಿನಲ್ಲಿ ತನ್ನ ಪಾಡಿಗೆ ಇರುತ್ತಿದ್ದಳು.

"ಅಮ್ಮ," ಎಂದಳು ಮಗಳು ಕೆಳದನಿಯಲ್ಲಿ. "ನೋ ಅಂತ ಹೇಳು. ಪ್ಲೀಸ್. ಲೆಟ್ಸ್ ಗೋ."

ಆಂಟಿ ನನ್ನ ಕಡೆ ನೋಡಿದರು. ನಮ್ಮ ಬೀದಿಯವರು ಪೆನ್ನು ಹಿಡಿದು ನೋಡುತ್ತಿದ್ದ ನೋಟ ಅದು. ಎಲ್ಲಿ ಸಹಿ ಹಾಕಲಿ, ನೀನು ಹೇಳು. ಅವರ ಪರವಾಗಿ ಉತ್ತರಿಸಲು ನನ್ನ ನಾಲಗೆ ತುದಿಯಲ್ಲಿ ಮಾತಿತ್ತು. ಯಾವ ಮಾತೆಂದು ಇವತ್ತಿಗೂ ಖಚಿತವಾಗಿ ಹೇಳಲಾರೆ.

"ಆಂಟಿ, ಇದನ್ನ ನಾನು ತುಂಬೋಕಾಗಲ್ಲ," ಎಂದೆ. "ಅಲ್ಲ ಅಂದ್ರೆ ಇವತ್ತು ಮುಗಿಯುತ್ತೆ, ಯಾವತ್ತಾದ್ರೂ ಸಿಕ್ಕರೆ ಸುಳ್ಳು ಅಂತ ಆಗುತ್ತೆ. ಹೌದು ಅಂದ್ರೆ ಏನಾಗುತ್ತೋ ನನಗೆ ಗೊತ್ತಿಲ್ಲ. ನೀವು ಯಾವುದನ್ನ ಹೇಳಿದ್ರೂ ನಾನು ಜೊತೇಲಿರ್ತೀನಿ."

ಅವರು ಕೈಚೀಲವನ್ನು ಕೌಂಟರಿನ ಮೇಲಿಟ್ಟರು. ಸೆರಗಿರಲಿಲ್ಲ, ತೊಟ್ಟಿದ್ದ ಸ್ವೆಟರಿನ ಅಂಚಿನಿಂದಲೇ ಬಾಯಿ ಒರೆಸಿಕೊಂಡರು. ಗುಮಾಸ್ತೆಗೆ ಹೇಳಿದರು: "ಅದು ನಾನೇ. ತಾರೀಖು ತಪ್ಪಾಗಿದೆ. ಪ್ರಜೆ ಅಂತ ಬರೆದಿರೋದೂ ತಪ್ಪು."

ಗುಮಾಸ್ತೆಯ ನಗು ಹೋಯಿತು. ಒಂದು ಖಾಲಿ ಹಾಳೆ ಕೊಟ್ಟರು. ಆಂಟಿ ತಮ್ಮ ಕೈಯಾರೆ ನಿಧಾನವಾಗಿ ಬರೆದರು. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಮೇ ಎಂದು ಅಕ್ಷರದಲ್ಲೇ ಬರೆದರು. ಮೊಹರು ಬಿದ್ದ ನಕಲನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡರು. ಮನೆ ಮುಂದೆ ಇಳಿಯುವಾಗ ಮಗಳು, "ಯು ಕುಡ್ ಹ್ಯಾವ್ ಸೆಡ್ ನೋ, ಅಂಕಲ್," ಎಂದಳು.

ಆ ಶನಿವಾರ ಅಟ್ಲಾಂಟಾದಲ್ಲಿ ಕೊನೆಯ ಕಾರ್ಡುಗಳನ್ನು ತರಲು ನಾನೂ ಹೋಗಿದ್ದೆ. ಗಾಯಕ ವೇದಿಕೆಗೆ ಬಂದು, ಮೊದಲ ಹಾಡಿಗೂ ಮುಂಚೆ, ಕಾರ್ಡೊಂದನ್ನು ಕಣ್ಣ ಹತ್ತಿರ ಹಿಡಿದು ಆ ಸಣ್ಣ ಅಕ್ಷರದ ವಾಕ್ಯವನ್ನು ಎರಡು ಸಲ ಓದಿದ. ಪ್ರಜೆಯಲ್ಲದವರು ದಯವಿಟ್ಟು ಸಹಿ ಹಾಕಬೇಡಿ, ಎಲ್ಲರೂ ಮುಂದೆ ಬಂದು ಕೂರಿ, ಟೀ ಶರ್ಟು ಎಲ್ಲರಿಗೂ ಇದೆ ಎಂದ. ಜನ ಗೊಣಗಿದರು, ಕೆಲವರು ಕೂಗಿದರು. ಮರುದಿನ ಪತ್ರಿಕೆಗಳು ಅವನನ್ನು ಹರಿದು ಹಾಕಿದವು. ಬಡವರ ಬಂಧು ಈಗ ವಲಸಿಗರ ಕಾಗದ ಕೇಳುತ್ತಿದ್ದಾನೆ ಎಂದು ಬರೆದವು. ಅವನ ಪರ ಇದ್ದವರೇ ಹೆಚ್ಚು ಕಟುವಾಗಿ ಬರೆದರು. ಒಂದು ಮಾತಿನಲ್ಲಿ ಅವನು ತನ್ನನ್ನು ಸಮರ್ಥಿಸಿಕೊಳ್ಳಬಹುದಿತ್ತು. ಆ ಮಾತು ಎಂದೂ ಹೊರಬರಲಿಲ್ಲ. ಅವನ ಕೈ ಮೇಲೆ ನನಗಿದ್ದ ಅಪನಂಬಿಕೆಯನ್ನು ಆಗ ಹಿಂತೆಗೆದುಕೊಂಡೆ.

ನಾನು ಪ್ರೋಗ್ರಾಂ ಬದಲಿಸಿದೆ. ತಿಂಗಳು ಅಕ್ಷರದಲ್ಲಿಲ್ಲದ ಯಾವ ಕಾರ್ಡನ್ನೂ ಅದು ಮುಂದೆ ಬಿಡುತ್ತಿರಲಿಲ್ಲ. ಸಣ್ಣ ಕೆಲಸ, ಅರ್ಧ ದಿನದ್ದು. ಮೊದಲೇ ಮಾಡಬಹುದಿತ್ತು. ದಿನ ಮೊದಲು ಬರೆಯುವ ಜನರ ನಡುವೆ ಬೆಳೆದವನು ಆ ಕಂಪನಿಯಲ್ಲಿ ನಾನೊಬ್ಬನೇ.

ಆಂಟಿಯ ಸಂದರ್ಶನದ ದಿನ ನಾನು ಕೆಲಸದಲ್ಲಿದ್ದೆ. ಅಧಿಕಾರಿ ಆ ಪ್ರಶ್ನೆ ಕೇಳಿದನಂತೆ. ಇವರು ಚೀಲದಿಂದ ಮಡಿಸಿದ ಹಾಳೆ ತೆಗೆದು ಕೊಟ್ಟರಂತೆ. ಅವನು ಅದನ್ನು ಫೈಲಿಗೆ ಸೇರಿಸಿ, ನಿರ್ಧಾರ ಅಂಚೆಯಲ್ಲಿ ಬರುತ್ತದೆ ಎಂದನಂತೆ. ಅಂಚೆ ಬರಲು ವರ್ಷ ದಾಟಿತು. ಆ ಅವಧಿಯಲ್ಲಿ ಮಗಳು ಮನೆಗೆ ಹತ್ತಿರದ ಕಾಲೇಜನ್ನೇ ಆರಿಸಿಕೊಂಡಳು. ಕಾರ್ಯದರ್ಶಿಗಳು ಸಂಘದ ಹುದ್ದೆ ಬಿಟ್ಟರು.

ಒಂದು ಭಾನುವಾರ ಬೆಳಿಗ್ಗೆ ಆಂಟಿಯ ಫೋನ್ ಬಂತು. ದೇಶ ಬಿಡಬೇಕಿಲ್ಲ, ಗ್ರೀನ್ ಕಾರ್ಡು ಇರುತ್ತದೆ. ಪೌರತ್ವದ ಅರ್ಜಿ ಮಾತ್ರ ತಿರಸ್ಕೃತ. ಐದು ವರ್ಷ ಬಿಟ್ಟು ಮತ್ತೆ ಹಾಕಬಹುದು.

"ಆಂಟಿ, ನಾನು ಅವತ್ತು..." ಎಂದು ಶುರು ಮಾಡಿದೆ.

"ಸುಮ್ನಿರಪ್ಪಾ," ಎಂದರು. ಹಿಂದೆ ಕುಕ್ಕರ್ ಕೂಗುತ್ತಿತ್ತು. "ಆಗಸ್ಟಲ್ಲಿ ಹುಟ್ಟಿದೋಳನ್ನ ಅವರು ತೆಗೆದುಹಾಕಿದ್ರು. ಮೇ ತಿಂಗಳೋಳು ಇಲ್ಲೇ ಇದ್ದಾಳಲ್ಲ. ಅವಳಿಗಿನ್ನೂ ಐದು ವರ್ಷ ಕಾಯೋಕೆ ಬರುತ್ತೆ."